ಕಟಕಟ ನಿಲ್ಲಿಸಿದ ಏಕಾಂತಯ್ಯ

ಭಾನುವಾರ ಬೆಳಿಗ್ಗೆ ಏಳೂವರೆಗೆ ಏಕಾಂತಯ್ಯ ಹಾಲು ತರಲೆಂದು ಬೈಕಿನ ಕಿಕ್ಕರ್ ಒದ್ದ. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಜೊತೆಗೇ ಎಂಜಿನ್ನಿನ ಹೊಟ್ಟೆಯೊಳಗಿನಿಂದ, ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದಂತೆ ಕಟಕಟಕಟ ಎಂಬ ಸದ್ದೂ ಶುರುವಾಯಿತು.

ಏಕಾಂತಯ್ಯ ಗಾಬರಿಯಾಗಿ ಆಫ್ ಮಾಡಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೊಮ್ಮೆ ಒದ್ದ. ಕನ್ನಡಕ ಒರೆಸಿದ್ದರಿಂದ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

"ಏನ್ರೀ ಅದು? ಮಿಕ್ಸೀಲಿ ಚಮಚ ಬಿದ್ದಂಗೆ!" ಅಡುಗೆಮನೆಯಿಂದ ಹೆಂಡತಿ ಪ್ರೇಮಲೀಲಾ ಕೂಗಿದಳು.

"ಏನಿಲ್ಲ ಕಣೇ. ಚಳಿಗೆ ಸ್ವಲ್ಪ..."

"ಏಪ್ರಿಲ್ ತಿಂಗಳಲ್ಲಿ ಯಾವ ಚಳೀರಿ?"

ನಿನ್ನೆ ಸಂಜೆ ಏಕಾಂತಯ್ಯ ಇದೇ ಗಾಡಿಯಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆಗೆ ಹೋಗಿ ಬಂದಿದ್ದ. ಬರುವಾಗ ಕಿವಿಯ ತುಂಬ ಛತ್ರದ ಆರ್ಕೆಸ್ಟ್ರಾ, ಹೊಟ್ಟೆಯ ತುಂಬ ಹೋಳಿಗೆ. ಗಾಡಿ ಏನಾದರೂ ಹೇಳಿಕೊಂಡಿದ್ದರೂ ಅವನಿಗೆ ಕೇಳಿಸುವಂತಿರಲಿಲ್ಲ.

ಬೇರೆ ದಿನವಾಗಿದ್ದರೆ ಅವನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಸಂಜೆ ಐದಕ್ಕೆ ಹೂಟಗಳ್ಳಿಯಲ್ಲಿ ಪ್ರೇಮಲೀಲಾಳ ಅಣ್ಣ ಸಿದ್ದಲಿಂಗಸ್ವಾಮಿಯ ಮಗಳು ಐಶ್ವರ್ಯಳ ಮೊದಲನೇ ಹುಟ್ಟುಹಬ್ಬ. ಸಿದ್ದಲಿಂಗಸ್ವಾಮಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಹತ್ತು ಮಾರು ದೂರದಿಂದಲೇ ಯಂತ್ರದ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದ. ಮನುಷ್ಯರ ಕಾಯಿಲೆಯನ್ನು ಹೇಳಲು ಅಷ್ಟು ಹತ್ತಿರವೂ ಬರಬೇಕಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವನ ಗೃಹಪ್ರವೇಶದ ದಿನ ಏಕಾಂತಯ್ಯನ ಗಾಡಿ ಗೇಟಿನ ಮುಂದೆಯೇ ಪಂಕ್ಚರ್ ಆಯಿತು. ಅಂದಿನಿಂದ ಆ ಬಳಗದಲ್ಲಿ ಅವನ ಹೆಸರು 'ಪಂಕ್ಚರ್ ಭಾವ'. ಮದುವೆ, ಮುಂಜಿ, ತಿಥಿ ಎಲ್ಲೇ ಸಿಕ್ಕಲಿ, "ಏನ್ ಭಾವನೋರೆ, ಗಾಳಿ ಇದೆಯಾ?" ಎಂದೇ ಸಿದ್ದಲಿಂಗಸ್ವಾಮಿ ಮಾತು ಶುರುಮಾಡುತ್ತಿದ್ದ. ಕೇಳಿ ಕೇಳಿ ರೋಸಿದ ಏಕಾಂತಯ್ಯ ಹೋದ ತಿಂಗಳು ನೆಂಟರ ಪಂಕ್ತಿಯಲ್ಲೇ ಹೇಳಿಬಿಟ್ಟಿದ್ದ: "ಗಾಳಿ ವಿಷಯ ಬಿಡಿ. ಐದು ವರ್ಷ ಆಯ್ತು, ನನ್ನ ಗಾಡಿ ಎಂಜಿನ್ ಒಂದ್ ಸದ್ದು ಮಾಡಿದ್ರೆ ಕೇಳಿ. ಮೆಕ್ಯಾನಿಕ್ ಮುಖ ನೋಡಿಲ್ಲ ಅದು."

ಹೀಗೆ ಹೇಳಿದವನು ಈಗ ಕಟಕಟ ಎಂದುಕೊಂಡು ಹೋಗಿ ಇಳಿದರೆ, ಸಾಯುವವರೆಗೂ 'ಕಟಕಟ ಭಾವ' ಆಗಿರಬೇಕಾಗುತ್ತಿತ್ತು. ಮೊಮ್ಮಕ್ಕಳೂ ಹಾಗೆಯೇ ಕರೆಯುತ್ತಿದ್ದರು.

ಭಾನುವಾರವಾದ್ದರಿಂದ ಮೆಕ್ಯಾನಿಕ್ ಅಂಗಡಿ ಬಾಗಿಲು ಹಾಕಿತ್ತು. ಏಕಾಂತಯ್ಯ ಬೀರು ತೆರೆದು, ಗಾಡಿಯ ಜೊತೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ಹೊರತೆಗೆದ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಸುತ್ತೋಲೆ ಓದುವ ಹಾಗೆ ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಗೀಟು ಹಾಕುತ್ತ ಓದಿದ. ಎಂಜಿನ್ನಿನ ಒಳಗೆ ಕ್ಯಾಮ್ ಚೈನ್ ಎಂಬ ಸಣ್ಣ ಚೈನು ಓಡುತ್ತದೆ. ಅದು ಸಡಿಲವಾದರೆ ಅಕ್ಕಪಕ್ಕಕ್ಕೆ ಬಡಿದುಕೊಂಡು ಕಟಕಟ ಎನ್ನುತ್ತದೆ. ಸಿಲಿಂಡರಿನ ಹಿಂದುಗಡೆ ಅದನ್ನು ಒತ್ತಿ ಹಿಡಿಯುವ ಒಂದು ಬೋಲ್ಟು, ಆ ಬೋಲ್ಟು ಅಲ್ಲಾಡದಂತೆ ಮೇಲೊಂದು ನಟ್ಟು. ನಟ್ಟು ಸಡಿಲಿಸಬೇಕು, ಎಂಜಿನ್ ಓಡುತ್ತಿರುವಾಗಲೇ ಬೋಲ್ಟನ್ನು ಒಳಕ್ಕೆ ಮೆಲ್ಲಗೆ ತಿರುಗಿಸಬೇಕು, ಸದ್ದು ನಿಂತ ಕಡೆ ನಿಲ್ಲಿಸಿ ನಟ್ಟು ಬಿಗಿಮಾಡಬೇಕು. ಅಷ್ಟೇ.

"ಅಷ್ಟೇ!" ಎಂದು ಗಟ್ಟಿಯಾಗಿ ಹೇಳಿಕೊಂಡು ಏಕಾಂತಯ್ಯ ಗಾಡಿಯ ಪಕ್ಕದ ಡಬ್ಬಿ ತೆರೆದ. ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಸವರಿ ಇಟ್ಟ ಸ್ಪ್ಯಾನರುಗಳು ಸಾಲಾಗಿ ಮಲಗಿದ್ದವು. ಐದು ವರ್ಷದಿಂದ ಅದನ್ನು ಬಿಚ್ಚಿಯೇ ಇರಲಿಲ್ಲವಲ್ಲ, ಕಂಪನಿಯವರು ಎಷ್ಟು ಅಚ್ಚುಕಟ್ಟಾಗಿ ಕೊಟ್ಟಿದ್ದಾರೆ ಎಂದು ಮೆಚ್ಚಿಕೊಂಡ. ಬನಿಯನ್, ಲುಂಗಿಯಲ್ಲಿ ಕೂತು ಎಂಜಿನ್ ಚಾಲೂ ಮಾಡಿ ಸ್ಪ್ಯಾನರ್ ಇಟ್ಟನೋ ಇಲ್ಲವೋ, ಕಾಂಪೌಂಡಿನ ಮೇಲೆ ಒಂದು ತಲೆ ಮೂಡಿತು.

"ಏಕಾಂತಯ್ಯ, ಏನದು ಸದ್ದು?"

ಎದುರುಮನೆಯ ಪುಟ್ಟಣ್ಣನವರು. ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಗಾರ್ಡ್ ಆಗಿದ್ದು ನಿವೃತ್ತರಾದವರು. "ಎಂಜಿನ್ ಅಂದ್ರೆ ನನ್ನ ಕೇಳಿ" ಎಂಬುದು ಅವರ ವಾಡಿಕೆಯ ಮಾತು. ಗಾರ್ಡ್ ಆದವರು ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ, ಎಂಜಿನ್ನಿನಿಂದ ಆದಷ್ಟೂ ದೂರ ಕೂತಿರುತ್ತಾರೆಂಬುದನ್ನು ಚಾಮರಾಜಪುರದಲ್ಲಿ ಯಾರೂ ಅವರ ಮುಂದೆ ಎತ್ತಿರಲಿಲ್ಲ.

"ಕ್ಯಾಮ್ ಚೈನ್ ಸಾರ್, ಸಡಿಲ ಆಗಿದೆ. ಬಿಗಿ ಮಾಡ್ತಿದೀನಿ."

"ಬಿಗೀನಾ? ಕೆಟ್ರಿ!" ಪುಟ್ಟಣ್ಣನವರು ಗೇಟು ತೆಗೆದುಕೊಂಡು ಒಳಗೇ ಬಂದರು. "ಇದು ಬಿಗಿ ಜಾಸ್ತಿ ಆಗಿ ಒದ್ದಾಡ್ತಿರೋ ಸದ್ದು ಕಣ್ರೀ. ಉಸಿರು ಕಟ್ಟಿದೆ ಪಾಪ ಅದಕ್ಕೆ. ಸಡಿಲ ಬಿಡಿ. ಹೊರಕ್ಕೆ ತಿರುಗ್ಸಿ."

"ಪುಸ್ತಕದಲ್ಲಿ ಒಳಕ್ಕೆ ಅಂತ..."

"ಪುಸ್ತಕ ಬರೆದೋನು ಎಷ್ಟು ಎಂಜಿನ್ ನೋಡಿದಾನೆ? ನಾನು ಎಷ್ಟು ನೋಡಿದೀನಿ?"

ಏಕಾಂತಯ್ಯ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಹೊರಕ್ಕೆ ತಿರುಗಿಸಿದ. ಕಟಕಟ ಎನ್ನುತ್ತಿದ್ದದ್ದು ಕಡಕಡ ಎಂದಿತು. "ಇನ್ನೂ," ಎಂದರು ಪುಟ್ಟಣ್ಣನವರು. ಕಡಕಡ ಎನ್ನುತ್ತಿದ್ದದ್ದು ಜಲ್ಲಿ ಕಲಸುವ ಯಂತ್ರದಂತೆ ಗಡಗಡ ಎಂದಿತು. "ಬರ್ತಾ ಇದೆ, ಬರ್ತಾ ಇದೆ. ಇನ್ನೊಂದ್ ಸುತ್ತು."

ಇನ್ನೊಂದು ಸುತ್ತಿಗೆ ಬೋಲ್ಟು ಪೂರ್ತಿ ಈಚೆ ಬಂದು ಟಣ್ಣೆಂದು ಕೆಳಗೆ ಬಿತ್ತು. ಅದರ ಹಿಂದೆಯೇ ಬಿಸಿ ಎಣ್ಣೆ ಚಿಮ್ಮಿ ಏಕಾಂತಯ್ಯನ ಬನಿಯನ್ನಿನ ಮೇಲೆ ಎಡಹೆಗಲಿನಿಂದ ಬಲಸೊಂಟದವರೆಗೆ ಕರಿಯ ಪಟ್ಟೆ ಎಳೆಯಿತು. ಅವನು ಹಾರಿ ಎಂಜಿನ್ ನಿಲ್ಲಿಸಿದ. ನಿಲ್ಲಿಸುವಾಗ ಸೈಲೆನ್ಸರಿಗೆ ಮೊಣಕಾಲು ತಾಗಿ ಇನ್ನೊಮ್ಮೆ ಹಾರಿದ.

"ನೋಡಿದ್ರಾ?" ಪುಟ್ಟಣ್ಣನವರು ತೃಪ್ತಿಯಿಂದ ತಲೆಯಾಡಿಸಿದರು. "ಎಷ್ಟು ಒತ್ತಡ ಇತ್ತು ಒಳಗೆ!"

ಬೋಲ್ಟು ಸಂಪಿಗೆ ಗಿಡದ ಬುಡದಲ್ಲಿ ಎಲ್ಲೋ ಮಾಯವಾಗಿತ್ತು. ಇಬ್ಬರೂ ಮಂಡಿಯೂರಿ ಅರ್ಧ ಗಂಟೆ ಹುಡುಕಿದರು. ಪ್ರೇಮಲೀಲಾ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಆಡಿಸಿದ ಕೂಡಲೇ ಸಿಕ್ಕಿತು.

"ಇದೇನಾ ನೀವು ಹುಡುಕ್ತಿದ್ದಿದ್ದು? ಇಷ್ಟ್ ಚೋಟು ಬೋಲ್ಟ್‌ಗೆ ಇಬ್ರು ಗಂಡಸ್ರು! ಸಂಜೆ ನಾಲ್ಕಕ್ಕೆ ಹೊರಡ್ಬೇಕು, ಜ್ಞಾಪಕ ಇರ್ಲಿ. ಇಲ್ದಿದ್ರೆ ನಾನು ಸಿಟಿ ಬಸ್ಸಲ್ಲಿ ಹೋಗ್ತೀನಿ. ನೀವು ನಿಮ್ಮ ಚೈನು ಇಟ್ಕೊಂಡು ಇಲ್ಲೇ ಇರಿ."

ಎಣ್ಣೆ ತುಂಬಿ, ಬೋಲ್ಟು ಮತ್ತೆ ಕೂರಿಸಿ, ಈ ಸಲ ಏಕಾಂತಯ್ಯ ಪುಸ್ತಕವನ್ನೇ ನಂಬಿ ಒಳಕ್ಕೆ ತಿರುಗಿಸಿದ. ಗಡಗಡ ಹೋಗಿ ಕಡಕಡ ಆಯಿತು, ಕಡಕಡ ಹೋಗಿ ಕಟಕಟ ಆಯಿತು. ಹುರುಪಿನಲ್ಲಿ ಇನ್ನೆರಡು ಸುತ್ತು ಕೊಟ್ಟ. ಕಟಕಟ ನಿಂತು, ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಕುಂಯ್ಯ್ಯ್ ಎಂದು ಎಂಜಿನ್ ಅಳತೊಡಗಿತು.

ಆಗ ಪಕ್ಕದ ಮನೆಯ ಬಾಗಿಲು ಧಡಾರನೆ ತೆರೆಯಿತು. ಸಂಗೀತದ ಮೇಡಂ ಚಂದ್ರಮತಿಯವರು. ಭಾನುವಾರದ ಬೆಳಗ್ಗೆಯೆಲ್ಲ ಅವರ ಮನೆಯಲ್ಲಿ ಹನ್ನೆರಡು ಹೆಣ್ಣುಮಕ್ಕಳಿಗೆ ಪಾಠ.

"ಏಕಾಂತಯ್ಯನೋರೆ, ಏನು ನಡೆಸಿದೀರಿ ನೀವು? ಮೊದ್ಲು ಕಟಕಟ ಅಂತಿತ್ತು, ಮಕ್ಕಳೆಲ್ಲ ಆದಿತಾಳ ಬಿಟ್ಟು ನಿಮ್ಮ ಗಾಡಿ ತಾಳಕ್ಕೆ ಹಾಡಿದ್ವು. ಸಹಿಸ್ಕೊಂಡೆ. ಈಗ ಶ್ರುತೀನೂ ಕೆಡಿಸ್ತಿದೀರಲ್ಲ! ಹನ್ನೆರಡು ಮಕ್ಕಳ ದನೀನೂ ಶ್ರುತಿಗಿಂತ ಅರ್ಧ ಮನೆ ಮೇಲಕ್ಕೆ ಹೋಗಿ ಕೂತಿದೆ."

"ಕ್ಷಮಿಸಿ ಮೇಡಂ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ತಿಲ್ಲ. ಸಡಿಲ ಬಿಟ್ರೆ ಬಡ್ಕೊಳ್ಳುತ್ತೆ, ಬಿಗಿ ಮಾಡಿದ್ರೆ ಅಳುತ್ತೆ."

ಚಂದ್ರಮತಿಯವರ ಮುಖದ ಸಿಟ್ಟು ಮೆಲ್ಲಗೆ ಇಳಿಯಿತು. ಅವರು ಗೇಟು ದಾಟಿ ಬಂದು, ಎಂಜಿನ್ನಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿಕೊಂಡರು. "ಇದು ತಂಬೂರಿ ತಂತಿ ಥರಾನೇ. ಹಿಂದಕ್ಕೆ ಬಿಡಿ. ಇನ್ನೂ ಸ್ವಲ್ಪ. ಸಾಕು! ಜಾಸ್ತಿ ಆಯ್ತು. ಕೂದಲೆಳೆ ಮುಂದಕ್ಕೆ... ಹಾಂ. ನಿಲ್ಲಿಸಿ. ಇದು ಶುದ್ಧ."

ನಿಜಕ್ಕೂ ಎಂಜಿನ್ ಈಗ ಹಾಲು ಕುಡಿದ ಮಗುವಿನಂತೆ ಗುರುಗುಡುತ್ತಿತ್ತು. ಏಕಾಂತಯ್ಯ ಕೈಮುಗಿದು ನಟ್ಟು ಬಿಗಿಮಾಡಿದ. ನಟ್ಟಿನ ಜೊತೆ ಬೋಲ್ಟೂ ಕಾಲು ಸುತ್ತು ತಿರುಗಿತು. ಬೆಕ್ಕು ಮತ್ತೆ ಅತ್ತಿತು.

"ಅಯ್ಯೋ, ಬೋಲ್ಟ್ ಹಿಡ್ಕೊಂಡು ನಟ್ ತಿರುಗ್ಸಿ!" ಎಂದರು ಚಂದ್ರಮತಿಯವರು.

"ನಾನು ಅದನ್ನೇ ಹೇಳೋಣಾಂತಿದ್ದೆ," ಎಂದರು ಪುಟ್ಟಣ್ಣನವರು.

ಬೋಲ್ಟು ಹಿಡಿದರೆ ನಟ್ಟು ಜಾರುತ್ತಿತ್ತು, ನಟ್ಟು ಹಿಡಿದರೆ ಬೋಲ್ಟು ತಿರುಗುತ್ತಿತ್ತು. ಇದು ಹನ್ನೊಂದು ಬಾರಿ ನಡೆಯಿತು. ಹನ್ನೊಂದು ಬಾರಿಯೂ ಚಂದ್ರಮತಿಯವರು ಕಣ್ಣು ಮುಚ್ಚಿ ಶ್ರುತಿ ಹೇಳಿದರು, ಹನ್ನೊಂದು ಬಾರಿಯೂ ಪುಟ್ಟಣ್ಣನವರು ತಾವು ಅದನ್ನೇ ಹೇಳುವವರಿದ್ದರೆಂದರು. ಸಂಗೀತದ ಮಕ್ಕಳು ಸಾಲಾಗಿ ಕಾಂಪೌಂಡ್ ಹತ್ತಿ ಕೂತಿದ್ದರು. ಏಕಾಂತಯ್ಯನ ಮೂರು ಬೆರಳು ಸುಟ್ಟು, ಕನ್ನಡಕದ ಒಂದು ಗಾಜಿಗೆ ಎಣ್ಣೆ ಮೆತ್ತಿ, ಅರ್ಧ ಜಗತ್ತು ಕಪ್ಪಾಗಿ ಕಾಣುತ್ತಿತ್ತು. ಕಡೆಗೆ ಪ್ರೇಮಲೀಲಾ ಅಡುಗೆಮನೆಯ ಇಕ್ಕಳ ತಂದು ಅದರಲ್ಲಿ ಬೋಲ್ಟನ್ನು ಕಚ್ಚಿಸಿ ಹಿಡಿದಳು. "ಹೂಂ, ಈಗ ಬಿಗೀರಿ" ಎಂದಳು. ಅವನು ಬಿಗಿದ. ಬೋಲ್ಟು ಅಲ್ಲಾಡಲಿಲ್ಲ.

ಎಲ್ಲರೂ ಉಸಿರು ಹಿಡಿದರು. ಎಂಜಿನ್ ಗುರುಗುಡುತ್ತಲೇ ಇತ್ತು. ಕಟಕಟವೂ ಇಲ್ಲ, ಕುಂಯ್ಯೂ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಎರಡೂಮುಕ್ಕಾಲಾಗಿತ್ತು.

ಸೀಮೆಎಣ್ಣೆ, ಸೀಗೆಪುಡಿ, ಕಡೆಗೆ ಪಾತ್ರೆ ತೊಳೆಯುವ ಪುಡಿ ಎಲ್ಲ ಹಾಕಿ ಕೈ ತಿಕ್ಕಿಕೊಂಡ ಏಕಾಂತಯ್ಯ, ರೇಷ್ಮೆ ಜುಬ್ಬ ತೊಟ್ಟು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟುವಾಗ ಗಾಡಿ ಎಷ್ಟು ಮೆತ್ತಗೆ ಓಡಿತೆಂದರೆ ಪ್ರೇಮಲೀಲಾಳ ಬಳೆಗಳ ಸದ್ದು ಅವನಿಗೆ ಕೇಳಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ಕೇಳಿಸಿದ್ದು ಬಿಟ್ಟರೆ ಮತ್ತೆ ಇವತ್ತೇ.

"ಪರವಾಗಿಲ್ಲ ಕಣ್ರೀ ನೀವು," ಎಂದಳು ಅವಳು ಹಿಂದಿನಿಂದ. ಏಕಾಂತಯ್ಯ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದ.

ಹೂಟಗಳ್ಳಿಯ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಸಿದ್ದಲಿಂಗಸ್ವಾಮಿ ಗೇಟಿಗೆ ಬೆನ್ನು ಹಾಕಿ ಬಲೂನು ಕಟ್ಟುತ್ತಿದ್ದವನು ತಂಗಿಯ ದನಿ ಕೇಳಿ ತಿರುಗಿದ.

"ಅರೆ! ಯಾವಾಗ ಬಂದ್ರಿ? ಗಾಡಿ ಸದ್ದೇ ಕೇಳ್ಲಿಲ್ವಲ್ಲ! ತಳ್ಕೊಂಡ್ ಬಂದ್ರಾ ಭಾವನೋರೆ?"

ಏಕಾಂತಯ್ಯ ಮುಗುಳ್ನಕ್ಕ. "ಎಂಜಿನ್ ಓಡ್ತಾ ಇದೆ ನೋಡಿ."

ಸಿದ್ದಲಿಂಗಸ್ವಾಮಿ ಬಲೂನು ಬಿಟ್ಟು ಬಂದು ಬಗ್ಗಿ ಕಿವಿಯಿಟ್ಟ. ಆಕ್ಸಿಲರೇಟರ್ ತಿರುವಿದ, ಬಿಟ್ಟ, ಮತ್ತೆ ತಿರುವಿದ. ಅವನ ಹುಬ್ಬು ಮೇಲಕ್ಕೇರಿತು. "ಸುಳ್ಳು ಹೇಳ್ಬಾರ್ದು, ನಮ್ಮ ಫ್ಯಾಕ್ಟ್ರೀಲಿ ಹೊಸಾ ಮೋಟ್ರೂ ಇಷ್ಟು ಮೆತ್ತಗೆ ಓಡಲ್ಲ. ಯಾರ ಕೈಲಿ ಮಾಡ್ಸಿದ್ರಿ?"

"ಮಾಡ್ಸೋದೇನು? ನಾನೇ. ಬೆಳಿಗ್ಗೆ ಸ್ವಲ್ಪ ಬಿಡುವಿತ್ತು."

ಸುತ್ತ ನೆಂಟರು ಸೇರಿದರು. ಏಕಾಂತಯ್ಯ ಕೈಯಲ್ಲಿ ಮಿಕ್ಸ್ಚರಿನ ತಟ್ಟೆ ಹಿಡಿದು, ಕ್ಯಾಮ್ ಚೈನು ಎಂದರೇನು, ಬೋಲ್ಟು ಹಿಡಿದು ನಟ್ಟು ಏಕೆ ಬಿಗಿಯಬೇಕು, ಕಿವಿಯನ್ನು ತಂಬೂರಿಗೆ ಹೊಂದಿಸುವ ಹಾಗೆ ಎಂಜಿನ್ನಿಗೆ ಹೇಗೆ ಹೊಂದಿಸಬೇಕು ಎಂದು ವಿವರಿಸಿದ. "ಕೂದಲೆಳೆ ಮುಂದಕ್ಕೆ, ಅಷ್ಟೇ. ಅಲ್ಲಿರೋದು ಗುಟ್ಟು." ಸಿದ್ದಲಿಂಗಸ್ವಾಮಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಗಾಳಿಯ ವಿಷಯ ಎತ್ತದೆ ಅವನ ಹೆಗಲ ಮೇಲೆ ಕೈಯಿಟ್ಟು, "ಕೇಳ್ರಪ್ಪಾ, ನಮ್ಮ ಭಾವ ಹೇಳೋದನ್ನ" ಎಂದ.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಂದು ಸದ್ದು ಬಂತು. ಕಟಕಟಕಟಕಟ.

"ಯಾರೋ ಪಾಪ," ಎಂದ ಸಿದ್ದಲಿಂಗಸ್ವಾಮಿ ನಗುತ್ತ. "ಕ್ಯಾಮ್ ಚೈನು ಪೂರ್ತಿ ಸಡಿಲ. ಕರೀರಿ ಭಾವ, ಅವರಿಗೂ ಸ್ವಲ್ಪ ಬುದ್ಧಿ ಹೇಳಿ."

ಕರೆಯಬೇಕಾಗಲಿಲ್ಲ. ಸದ್ದು ನೇರವಾಗಿ ಅದೇ ಗೇಟಿಗೆ ಬಂದು ನಿಂತಿತು. ಏಕಾಂತಯ್ಯನದರಂಥದ್ದೇ ಕಪ್ಪು ಬೈಕು. ಓಡಿಸುತ್ತಿದ್ದವರು ದೊಡ್ಡ ಮೀಸೆಯ, ಗಟ್ಟಿ ಕೈಗಳ ಹಿರಿಯರೊಬ್ಬರು. ಹಿಂದೆ ಕೂತಿದ್ದವರು ಪುಟ್ಟಣ್ಣನವರು.

"ಏಕಾಂತಯ್ಯ, ಇವರು ಬೆಟ್ಟಯ್ಯ ಅಂತ, ಸಿದ್ಧಾರ್ಥನಗರದೋರು. ಮನೆ ಹತ್ರ ಬಂದಿದ್ರು. ನೀವು ಇಲ್ಲಿದೀರಿ ಅಂತ ದಾರಿ ತೋರಿಸ್ಕೊಂಡು ಬಂದೆ."

ಬೆಟ್ಟಯ್ಯ ಇಳಿದು, ಶಾಮಿಯಾನದ ಕೆಳಗಿದ್ದ ಗಾಡಿಯನ್ನು ಒಮ್ಮೆ ಸುತ್ತಿ ಬಂದರು. "ಇದೇ! ಇದೇ ನಂದು! ಸ್ವಾಮಿ, ನಿನ್ನೆ ಆರತಕ್ಸತೆಗೆ ನೀವೂ ಬಂದಿದ್ರಾ? ನಾನೂ ಬಂದಿದ್ದೆ. ನೀವು ನನ್ನ ಗಾಡಿ ತಗಂಡ್ ಓದ್ರಿ, ನಾನು ನಿಮ್ಮದು ತಗಂಡ್ ಓದೆ. ಎರಡೂ ಕಪ್ಪು, ಎರಡೂ ಒಂದೇ ಕಂಪನಿ, ಬೀಗ ಸವೆದು ಯಾವ ಕೀ ಆಕುದ್ರೂ ತಿರುಗ್ತವೆ. ಮಧ್ಯಾನ ಡಬ್ಬೀಲಿ ಕಾಗ್ದ ನೋಡ್ತೀನಿ, ನಿಮ್ಮ ಎಸ್ರು ಐತೆ!"

ಏಕಾಂತಯ್ಯ ಮೆಲ್ಲಗೆ ತಾನು ಇಡೀ ದಿನ ಹೆಣಗಿ ಕಟಕಟ ನಿಲ್ಲಿಸಿದ ಗಾಡಿಯನ್ನೂ, ಆಮೇಲೆ ಗೇಟಿನ ಹತ್ತಿರದ ಗಾಡಿಯನ್ನೂ ನೋಡಿದ. ಆದರೂ ಅವನಿಗೊಂದು ಆಸೆಯ ಎಳೆ ಸಿಕ್ಕಿತು.

"ಆದ್ರೆ ನನ್ನ ಗಾಡಿ ಸದ್ದು ಮಾಡ್ತಿರಲಿಲ್ವಲ್ಲ ಬೆಟ್ಟಯ್ಯನೋರೆ? ನಿನ್ನೆವರೆಗೂ ಬೆಣ್ಣೆ ಥರ ಓಡ್ತಿತ್ತು!"

"ಅದೇ ಸ್ವಾಮಿ, ಅದ್ಕೇ ಗಾಬ್ರಿ ಬಿದ್ದಿದ್ದು!" ಬೆಟ್ಟಯ್ಯ ಕೈ ಬೀಸಿ ಹೇಳಿದರು. "ಅನ್ನೊಂದು ವರ್ಸದಿಂದ ಒಂದೇ ಸಮ ಕಟಕಟ ಅಂತಿದ್ದ ಗಾಡಿ. ಬೆಳಿಗ್ಗೆ ಒದೀತೀನಿ, ಸದ್ದೇ ಇಲ್ಲ! ಎಂಜಿನ್ ಇಡ್ಕಂಡ್‌ಬುಡ್ತು ಅಂದ್ಕೊಂಡೆ. ಬೆಳಿಗ್ಗೆಯಿಂದ ಬಿಚ್ಚಿ ತಿರುಗ್ಸಿ, ಬಿಚ್ಚಿ ತಿರುಗ್ಸಿ, ಮಧ್ಯಾನ ಎರಡೂಮುಕ್ಕಾಲಿಗೆ ಸದ್ದು ವಾಪಸ್ ಬಂತು ನೋಡಿ! ಮತ್ತೆ ಅಲ್ಲಾಡ್ಬಾರ್ದು ಅಂತ ನಟ್ಟನ್ನ ಸರಿಯಾಗಿ ಬಿಗ್ದಿದೀನಿ."

ಹೀಗೆ ಹೇಳಿ ಅವರು ಪ್ರೀತಿಯಿಂದ ತಮ್ಮ ಸ್ವಂತ ಗಾಡಿಯ ಮೇಲೆ ಕೂತು ಒದ್ದರು. ಗಾಡಿ ಗುರುಗುಟ್ಟಿತು. ಬೆಟ್ಟಯ್ಯನವರ ಮೀಸೆ ಇಳಿಬಿತ್ತು.

"ಏನ್ ಮಾಡ್ಬುಟ್ರಿ ಇದುಕ್ಕೆ?"

"ರಿಪೇರಿ... ಮಾಡಿದೀನಿ."

"ಯಾರು ಕೇಳಿದ್ರು ನಿಮ್ಮನ್ನ ರಿಪೇರಿ? ನಮ್ಮನೆಯೋಳ್ಗೆ ಕಿವಿ ಮಂದ ಸ್ವಾಮಿ. ಬೀದಿ ತಿರುವಲ್ಲಿ ಈ ಸದ್ದು ಕೇಳುದ್ರೇನೆ ಅವಳು ಬಂದು ಗೇಟು ತೆಗೆಯೋದು. ದಾರೀಲಿ ಮಲಗಿರೋ ನಾಯಿ, ಅಸ, ಎಲ್ಲ ಎದ್ದು ದಾರಿ ಬುಡ್ತವೆ. ಆರನ್ ಕೆಟ್ಟು ಏಳು ವರ್ಸ ಆಯ್ತು, ನಾನು ಸರಿ ಮಾಡ್ಸೇ ಇಲ್ಲ, ಬೇಕಾಗೇ ಇಲ್ಲ. ಈಗ ಎಂಗೆ ಓಗ್ಲಿ ನಾನು ಮನೆಗೆ? ಮೊದ್ಲು ಎಂಗಿತ್ತೋ ಅಂಗೇ ಮಾಡ್ಕೊಡಿ!"

ಏಕಾಂತಯ್ಯ ನೆಂಟರ ಮುಖ ನೋಡಿದ. ಯಾರೂ ಅವನ ಪರ ಮಾತಾಡುವಂತೆ ಕಾಣಲಿಲ್ಲ. ಸಿದ್ದಲಿಂಗಸ್ವಾಮಿಯಂತೂ ಹೆಗಲ ಮೇಲಿಟ್ಟಿದ್ದ ಕೈ ತೆಗೆದು ಹೊಟ್ಟೆ ಹಿಡಿದುಕೊಂಡಿದ್ದ. ಏಕಾಂತಯ್ಯ ರೇಷ್ಮೆ ಜುಬ್ಬದ ತೋಳು ಮಡಿಸಿ, ಕೇಕಿನ ಮೇಜಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೇ ಬಿಗಿದ ನಟ್ಟನ್ನು ಸಡಿಲಿಸಿದ. ಬೆಟ್ಟಯ್ಯ ಕಣ್ಣು ಮುಚ್ಚಿ ಕೇಳಿದರು. "ಇನ್ನೂ. ಇನ್ನೂ ಸ್ವಲ್ಪ ಬುಡಿ. ಆಂ... ಬಂತು! ಇದೇ ನಮ್ಮದು!"

ಸಂತೋಷದಿಂದ ಕಣ್ಣೊರೆಸಿಕೊಂಡು, ಮಗುವಿನ ಕೈಗೊಂದು ಹೊಸ ನೋಟು ಕೊಟ್ಟು, ಪುಟ್ಟಣ್ಣನವರನ್ನು ಹಿಂದೆ ಹತ್ತಿಸಿಕೊಂಡು ಬೆಟ್ಟಯ್ಯ ಕಟಕಟ ಎನ್ನುತ್ತ ಹೊರಟುಹೋದರು.

ಇನ್ನು ಉಳಿದದ್ದು ಏಕಾಂತಯ್ಯನ ಗಾಡಿ. ನಟ್ಟಿಗೆ ಸಿದ್ದಲಿಂಗಸ್ವಾಮಿಯ ಸ್ಪ್ಯಾನರ್ ಹಾಕಿದ. ಕದಲಲಿಲ್ಲ. ಬೆಟ್ಟಯ್ಯ ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷ ಗುದ್ದಲಿ ಹಿಡಿದಿದ್ದರಂತೆ. "ಸರೀರಿ ಭಾವ, ಇದು ಫೋರ್‌ಮನ್ ಕೆಲಸ" ಎಂದು ಸಿದ್ದಲಿಂಗಸ್ವಾಮಿ ತಾನೇ ಕೈಹಾಕಿ, ಸ್ಪ್ಯಾನರಿಗೆ ಒಂದು ಕೊಳವೆ ಸಿಕ್ಕಿಸಿ, ಎರಡು ಕಾಲೂ ಊರಿ ಎಳೆದ. ನಟ್ಟಿನ ಮೂಲೆಗಳೆಲ್ಲ ಸವೆದು ಅದು ಬಟಾಣಿಯಂತೆ ಗುಂಡಗಾಯಿತೇ ಹೊರತು ತಿರುಗಲಿಲ್ಲ. "ಇದು ಹೀಗೇ ಇರ್ಲಿ ಬಿಡಿ," ಎಂದ ಅವನು ಬೆವರು ಒರೆಸಿಕೊಂಡು. "ಇನ್ನು ಮೇಲೆ ನೀವು ಬರೋದು ನಮಗೆ ಹಿನಕಲ್‌ನಿಂದ್ಲೇ ಗೊತ್ತಾಗುತ್ತೆ, ಕಟಕಟ ಭಾವನೋರೆ."

ಕೇಕು, ಬೋಂಡ ಮುಗಿಸಿ, ಎಲ್ಲರೂ ಗೇಟಿನ ತನಕ ಬಂದು ಬೀಳ್ಕೊಟ್ಟರು. ಬೀದಿಯುದ್ದಕ್ಕೂ ಜನ ಕಿಟಕಿ ತೆರೆದು ನೋಡುವಂತೆ ಸದ್ದು ಮಾಡುತ್ತ ಗಾಡಿ ಹುಣಸೂರು ರಸ್ತೆಗೆ ಬಂತು. ಪ್ರೇಮಲೀಲಾ ಹಿಂದಿನಿಂದ ಏನೋ ಹೇಳಿದಳು. ಕೇಳಿಸಲಿಲ್ಲ. ಅವಳು ಬೆನ್ನು ತಟ್ಟಿ ನಿಲ್ಲಿಸಿದಳು.

"ಏನೇ?"

"ನಂಬರ್ ನೋಡಿದ್ರಾ ಅಂದೆ. ಈ ಸಲನಾದ್ರೂ ನಮ್ಮದೇ ಗಾಡಿ ತಗೊಂಡಿದೀರಾ?"

ಏಕಾಂತಯ್ಯ ಇಳಿದು, ಕನ್ನಡಕ ಒರೆಸಿ, ಬೀದಿದೀಪದ ಬೆಳಕಿನಲ್ಲಿ ಬಗ್ಗಿ, ನಂಬರ್ ಪ್ಲೇಟಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.

ಎಳ್ಳಷ್ಟೂ ಸಂದೇಹವಿರಲಿಲ್ಲ. ಗಾಡಿ ಅವನದೇ ಆಗಿತ್ತು.